ಖಾಲಿ ಬಿಟ್ಟ ಏಳು ಕುರ್ಚಿ

2018ರ ಜೂನ್ 6ರಂದು ಬೆಂಗಳೂರಿನ ರಾಜಭವನದಲ್ಲಿ 25 ಮಂದಿ ಸಚಿವರಾಗಿ ಪ್ರಮಾಣವಚನ ಸ್ವೀಕರಿಸಿದರು. ಕಾಂಗ್ರೆಸ್‌ನವರು 14, ಜೆಡಿಎಸ್‌ನವರು 9, ಬಿಎಸ್‌ಪಿ ಮತ್ತು ಕೆಪಿಜೆಪಿಯಿಂದ ಒಬ್ಬೊಬ್ಬರು. ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿ, ಉಪಮುಖ್ಯಮಂತ್ರಿ ಜಿ. ಪರಮೇಶ್ವರ ಮೇ 23ರಂದೇ ಪ್ರಮಾಣ ಮಾಡಿ ಆಗಿತ್ತು. ಎಲ್ಲ ಸೇರಿ 27. ನಮ್ಮ ರಾಜ್ಯದಲ್ಲಿ 34 ಮಂದಿ ಸಚಿವರಿರಬಹುದು. ಉಳಿದ ಏಳು ಸ್ಥಾನಗಳಲ್ಲಿ ಕಾಂಗ್ರೆಸ್ ಪಾಲಿನವು ಆರು, ಜೆಡಿಎಸ್ ಪಾಲಿನದು ಒಂದು. ಇವನ್ನು ಬೇಕೆಂದೇ ಖಾಲಿ ಬಿಟ್ಟರು. ಹದಿನಾಲ್ಕು ತಿಂಗಳಿಗೆ ಆ ಮೈತ್ರಿ ಸರ್ಕಾರ ಬಿದ್ದದ್ದೇಕೆ ಎಂದು ಯಾರಾದರೂ ಕೇಳಿದರೆ ನಾನು ಮೊದಲು ಬೊಟ್ಟು ಮಾಡುವುದು ಆ ಏಳು ಕುರ್ಚಿಗಳ ಕಡೆಗೆ.

ನಾನು ಪದವಿಪೂರ್ವ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಪಾಠ ಹೇಳಿ ನಿವೃತ್ತಳಾದವಳು. ಮನೆ ಮೈಸೂರಿನ ಬನ್ನಿಮಂಟಪದಲ್ಲಿ. ವಿಜಯದಶಮಿಯಂದು ಅರಮನೆಯಿಂದ ಹೊರಟ ಜಂಬೂಸವಾರಿ ಸುಮಾರು ಐದು ಕಿಲೋಮೀಟರ್ ನಡೆದು ಬಂದು ಮುಗಿಯುವುದು ಇಲ್ಲಿ. ಸಂಜೆಯ ಪಂಜಿನ ಕವಾಯತು ನಡೆಯುವುದು ಇಲ್ಲಿಯ ಮೈದಾನದಲ್ಲಿ. ಅದೊಂದು ಸಂಜೆ ರಾಜ್ಯಪಾಲರು, ಮುಖ್ಯಮಂತ್ರಿ, ಸಚಿವರು ತಾವಾಗಿಯೇ ನಮ್ಮ ಬಡಾವಣೆಗೆ ಬರುತ್ತಾರೆ. ಮಿಕ್ಕ ದಿನಗಳಲ್ಲಿ ನಾವು ಅವರನ್ನು ಹುಡುಕಿಕೊಂಡು ಹೋಗಬೇಕು. ಯಾವ ಕೆಲಸಕ್ಕೆ ಯಾರ ಹತ್ತಿರ ಹೋಗಬೇಕೆಂಬುದು ಮೈತ್ರಿ ಸರ್ಕಾರದಲ್ಲಿ ಎಷ್ಟು ತೊಡಕಾಗುತ್ತದೆ ಎಂದು ತೋರಿಸಲು, ಮನೆಗೆ ಪಾಠಕ್ಕೆ ಬರುತ್ತಿದ್ದ ಹುಡುಗ ಹುಡುಗಿಯರಿಂದ ಆ ವರ್ಷ ಒಂದು ಪಟ್ಟಿ ಬರೆಸಿದ್ದೆ. ನಮ್ಮ ಸುತ್ತಮುತ್ತ ಕಣ್ಣಿಗೆ ಬೀಳುವ ಒಂದೊಂದು ಸಂಸ್ಥೆಯೂ ಯಾವ ಸಚಿವರ ಕೈಯಲ್ಲಿದೆ, ಅವರು ಯಾವ ಪಕ್ಷದವರು ಎಂದು.

ಬನ್ನಿಮಂಟಪದ ಬಸ್ ಡಿಪೊ ಸಾರಿಗೆ ಇಲಾಖೆಗೆ ಸೇರಿದ್ದು. ಸಚಿವರು ಜೆಡಿಎಸ್‌ನ ಡಿ.ಸಿ. ತಮ್ಮಣ್ಣ. ಬೀದಿಯ ಚರಂಡಿ ಪಾಲಿಕೆಯದು, ಪಾಲಿಕೆಯ ಮೇಲೆ ನಗರಾಭಿವೃದ್ಧಿ ಇಲಾಖೆ. ಅದು ಕಾಂಗ್ರೆಸ್‌ನ ಯು.ಟಿ. ಖಾದರ್ ಅವರದು. ಸೇಂಟ್ ಫಿಲೋಮಿನಾ ಕಾಲೇಜಿಗೆ ಸಂಬಂಧಿಸಿದ ಉನ್ನತ ಶಿಕ್ಷಣ ಜೆಡಿಎಸ್‌ನ ಜಿ.ಟಿ. ದೇವೇಗೌಡರಿಗೆ. ತುಸು ಆಚೆಯ ಜೆಎಸ್‌ಎಸ್ ದಂತ ವೈದ್ಯಕೀಯ ಕಾಲೇಜೂ ಕಾಲೇಜೇ, ಆದರೆ ವೈದ್ಯಕೀಯ ಶಿಕ್ಷಣ ಕಾಂಗ್ರೆಸ್‌ನ ಡಿ.ಕೆ. ಶಿವಕುಮಾರ್ ಅವರಲ್ಲಿ. ಠಾಣೆಯ ಪೊಲೀಸರು ಗೃಹ ಸಚಿವ ಪರಮೇಶ್ವರ ಅವರಿಗೆ, ವಿದ್ಯುತ್ ಸ್ವತಃ ಮುಖ್ಯಮಂತ್ರಿಗೆ, ಪಡಿತರದ ಅಂಗಡಿ ಜಮೀರ್ ಅಹಮದ್ ಖಾನ್ ಅವರಿಗೆ, ಲೋಕೋಪಯೋಗಿ ರಸ್ತೆ ಎಚ್.ಡಿ. ರೇವಣ್ಣ ಅವರಿಗೆ. ದಸರೆಯೂ ಇಬ್ಭಾಗ: ಕನ್ನಡ ಮತ್ತು ಸಂಸ್ಕೃತಿ ಕಾಂಗ್ರೆಸ್‌ನ ಜಯಮಾಲಾ ಅವರದು, ಪ್ರವಾಸೋದ್ಯಮ ಜೆಡಿಎಸ್‌ನ ಸಾ.ರಾ. ಮಹೇಶ್ ಅವರದು. ಪಟ್ಟಿ ಬರೆದ ಹುಡುಗಿಯೊಬ್ಬಳು ಕೇಳಿದ್ದು ನೆನಪಿದೆ: ‘ಮೇಡಂ, ಮೇ ತಿಂಗಳಲ್ಲಿ ಒಬ್ಬರಿಗೊಬ್ಬರು ಬೈದಾಡಿಕೊಂಡವರೇ ಅಲ್ವಾ ಇವರು? ಇಷ್ಟು ಬೇಗ ಹೆಂಗೆ ಹಂಚಿಕೊಂಡರು?’

ಒಳ್ಳೆಯ ಪ್ರಶ್ನೆ. ಹಂಚಿಕೊಂಡ ಬಗೆಯನ್ನೇ ವಿವರವಾಗಿ ನೋಡೋಣ.

ಮೊದಲು 34ರ ಲೆಕ್ಕ. ಸಂಪುಟಕ್ಕೆ ಮಿತಿಯೇ ಇಲ್ಲದ ಕಾಲವೊಂದಿತ್ತು. 1997ರಲ್ಲಿ ಉತ್ತರ ಪ್ರದೇಶದ ಕಲ್ಯಾಣ್ ಸಿಂಗ್ ತಮ್ಮ ಸರ್ಕಾರ ಉಳಿಸಿಕೊಳ್ಳಲು ಮಾಡಿದ ಮಂತ್ರಿಗಳ ಸಂಖ್ಯೆ ತೊಂಬತ್ತು ದಾಟಿತ್ತು. ಬೆಂಬಲಿಸಿದವರಿಗೆಲ್ಲ ಕಾರು, ಬಂಗಲೆ. ಇದಕ್ಕೆ ಕಡಿವಾಣ ಹಾಕಲು 2003ರಲ್ಲಿ ಸಂವಿಧಾನದ 91ನೇ ತಿದ್ದುಪಡಿ ಬಂತು. ವಿಧಾನಸಭೆಯ ಒಟ್ಟು ಸದಸ್ಯರ ಶೇ 15ಕ್ಕಿಂತ ಹೆಚ್ಚು ಮಂದಿ ಸಚಿವರಾಗುವಂತಿಲ್ಲ, ಮುಖ್ಯಮಂತ್ರಿಯೂ ಆ ಲೆಕ್ಕದಲ್ಲೇ ಸೇರುತ್ತಾರೆ. ಚಿಕ್ಕ ರಾಜ್ಯಗಳಿಗೆ ಕನಿಷ್ಠ 12 ಎಂಬ ರಿಯಾಯಿತಿ ಇದೆ. ನಮ್ಮಲ್ಲಿ ಆಗ 224 ಚುನಾಯಿತರು, ಒಬ್ಬರು ನಾಮಕರಣಗೊಂಡವರು. 225ರ ಶೇ 15 ಎಂದರೆ 33.75. ಹಾಗಾಗಿ 34.

ಒಂದೇ ಪಕ್ಷದ ಸರ್ಕಾರವಾದರೆ ಈ 34ನ್ನು ಮುಖ್ಯಮಂತ್ರಿ, ವರಿಷ್ಠರು ಕೂತು ತುಂಬುತ್ತಾರೆ. ಜಿಲ್ಲೆ, ಜಾತಿ, ಹಿರಿತನ, ನಿಷ್ಠೆ ಎಲ್ಲವನ್ನೂ ತೂಗುತ್ತಾರೆ. ಮೈತ್ರಿಯಲ್ಲಿ ಇದಕ್ಕೆ ಮೊದಲು ಇನ್ನೊಂದು ಹಂಚಿಕೆ ನಡೆಯಬೇಕು: ಯಾವ ಪಕ್ಷಕ್ಕೆ ಎಷ್ಟು ಸ್ಥಾನ, ಯಾವ ಖಾತೆ. ಸಂವಿಧಾನದ 164ನೇ ವಿಧಿಯ ಪ್ರಕಾರ ಮುಖ್ಯಮಂತ್ರಿಯ ಸಲಹೆಯಂತೆ ರಾಜ್ಯಪಾಲರು ಸಚಿವರನ್ನು ನೇಮಿಸುತ್ತಾರೆ. ಕಾಗದದ ಮೇಲೆ ಅದು 2018ರಲ್ಲೂ ಹಾಗೆಯೇ ನಡೆಯಿತು. ವಾಸ್ತವದಲ್ಲಿ ಕಾಂಗ್ರೆಸ್ ಪಾಲಿನ ಹೆಸರುಗಳು ದೆಹಲಿಯಿಂದ ಬರುತ್ತಿದ್ದವು, ಮುಖ್ಯಮಂತ್ರಿ ಆ ಪಟ್ಟಿಯನ್ನು ರಾಜಭವನಕ್ಕೆ ಕಳಿಸುತ್ತಿದ್ದರು. ಕುಮಾರಸ್ವಾಮಿ ತಮ್ಮ ಸಂಪುಟದ ಬಹುಪಾಲು ಸಚಿವರನ್ನು ತಾವಾಗಿ ಆರಿಸಲಿಲ್ಲ, ತಾವಾಗಿ ಕೈಬಿಡುವಂತೆಯೂ ಇರಲಿಲ್ಲ. ಸಂಪುಟದ ನಾಯಕನಿಗೆ ಸಂಪುಟದ ಮೇಲೆ ಹಿಡಿತ ಇಲ್ಲದ ಈ ಸ್ಥಿತಿ ಮೈತ್ರಿ ಸರ್ಕಾರದ ಹುಟ್ಟುದೋಷ ಎಂಬುದು ನನ್ನ ಅಭಿಪ್ರಾಯ.

ಇನ್ನು ಪಕ್ಷಗಳ ಪಾಲು. ಫಲಿತಾಂಶ ಬಂದದ್ದು ಮೇ 15ಕ್ಕೆ: ಬಿಜೆಪಿ 104, ಕಾಂಗ್ರೆಸ್ 78, ಜೆಡಿಎಸ್ 37, ಅದರ ಮಿತ್ರಪಕ್ಷ ಬಿಎಸ್‌ಪಿ 1, ಕೆಪಿಜೆಪಿ 1, ಪಕ್ಷೇತರ 1. ಯಾರಿಗೂ ಬಹುಮತವಿಲ್ಲ. ಮೇ 17ರಂದು ಪ್ರಮಾಣ ಮಾಡಿದ ಬಿ.ಎಸ್. ಯಡಿಯೂರಪ್ಪ ವಿಶ್ವಾಸಮತಕ್ಕೆ ಮುಂಚೆಯೇ 19ರಂದು ರಾಜೀನಾಮೆ ಕೊಟ್ಟರು. ಆಮೇಲೆ ಬಂದದ್ದು ಈ ಮೈತ್ರಿ. ಜೂನ್ 1ರಂದು ಎರಡೂ ಪಕ್ಷಗಳು ಹಂಚಿಕೆ ಪ್ರಕಟಿಸಿದವು: ಕಾಂಗ್ರೆಸ್‌ಗೆ 22, ಮುಖ್ಯಮಂತ್ರಿಯೂ ಸೇರಿ ಜೆಡಿಎಸ್‌ಗೆ 12. ಗೃಹ, ಜಲಸಂಪನ್ಮೂಲ, ಬೆಂಗಳೂರು ಅಭಿವೃದ್ಧಿ, ಕಂದಾಯ, ಆರೋಗ್ಯ, ಕೃಷಿ ಕಾಂಗ್ರೆಸ್‌ಗೆ. ಹಣಕಾಸು, ಇಂಧನ, ಲೋಕೋಪಯೋಗಿ, ಸಾರಿಗೆ, ಸಹಕಾರ, ಶಿಕ್ಷಣ ಜೆಡಿಎಸ್‌ಗೆ. ನಿಗಮ ಮಂಡಳಿಗಳು ಮೂರರಲ್ಲಿ ಎರಡು ಪಾಲು, ಒಂದು ಪಾಲು.

ಅಮೆರಿಕದ ಸಮಾಜಶಾಸ್ತ್ರಜ್ಞ ವಿಲಿಯಂ ಗ್ಯಾಮ್ಸನ್ 1961ರಲ್ಲಿ ಒಂದು ಮಾತು ಹೇಳಿದ್ದರು: ಮೈತ್ರಿಗೆ ಯಾವ ಪಕ್ಷ ಎಷ್ಟು ಬಲ ತರುತ್ತದೋ ಸುಮಾರಾಗಿ ಅಷ್ಟೇ ಪಾಲು ಕೇಳುತ್ತದೆ. ಯುರೋಪಿನ ಸರ್ಕಾರಗಳನ್ನು ಅಳೆದು ನೋಡಿದ ಮೇಲೆ ವಿದ್ವಾಂಸರು ಇದನ್ನು ಒಂದು ನಿಯಮವೆಂದೇ ಕರೆದರು. ಚಿಕ್ಕ ಪಕ್ಷಕ್ಕೆ ಅದರ ಪಾಲಿಗಿಂತ ತುಸು ಹೆಚ್ಚು ಸಿಗುತ್ತದೆ ಎಂಬುದೂ ಅವರಿಗೆ ಕಂಡಿತು. ನಮ್ಮಲ್ಲಿ ಲೆಕ್ಕ ಹಾಕಿ ನೋಡಿ. ಕಾಂಗ್ರೆಸ್‌ನ 78, ಜೆಡಿಎಸ್ ಮತ್ತು ಬಿಎಸ್‌ಪಿಯ 38 ಸೇರಿ 116. ಅದೇ ಅನುಪಾತದಲ್ಲಿ 34ನ್ನು ಹಂಚಿದರೆ ಕಾಂಗ್ರೆಸ್‌ಗೆ 22.9, ಜೆಡಿಎಸ್‌ಗೆ 11.1. ಹಂಚಿದ್ದು 22 ಮತ್ತು 12. ಎಲ್ಲೋ ದೂರದಲ್ಲಿ ಬರೆದ ಸೂತ್ರ ಬೆಂಗಳೂರಿನ ಮಾತುಕತೆಯಲ್ಲಿ ಇಷ್ಟು ಹತ್ತಿರ ಬಂದದ್ದನ್ನು ಕರಿಹಲಗೆಯ ಮೇಲೆ ಬರೆದು ತೋರಿಸಿದಾಗ ಮಕ್ಕಳ ಮುಖ ಅರಳಿತ್ತು.

ತಲೆ ಎಣಿಸಿದರೆ ನ್ಯಾಯ ಕಾಣುತ್ತದೆ. ಖಾತೆಗಳ ತೂಕ ಬೇರೆ. ಮುಖ್ಯಮಂತ್ರಿ ಹುದ್ದೆ ಮತ್ತು ಹಣಕಾಸು ಎರಡೂ ಚಿಕ್ಕ ಪಕ್ಷದಲ್ಲಿ ಉಳಿದವು. 22 ಸಚಿವ ಸ್ಥಾನವಿರುವ ಪಕ್ಷ ತನ್ನ ಪ್ರತಿಯೊಂದು ಯೋಜನೆಯ ದುಡ್ಡಿಗೂ 12 ಸ್ಥಾನದ ಪಕ್ಷದ ಮುಂದೆ ನಿಲ್ಲಬೇಕಾಯಿತು. ಉಪಮುಖ್ಯಮಂತ್ರಿ ಹುದ್ದೆ ಇದನ್ನು ಸರಿದೂಗಿಸುತ್ತದೆ ಎಂದು ಅನೇಕರು ಭಾವಿಸುತ್ತಾರೆ. ಸಂವಿಧಾನದಲ್ಲಿ ಅಂಥ ಹುದ್ದೆಯ ಪ್ರಸ್ತಾಪವೇ ಇಲ್ಲ. 1989ರಲ್ಲಿ ದೇವಿಲಾಲ್ ಉಪಪ್ರಧಾನಿ ಎಂದು ಹೇಳಿ ಪ್ರಮಾಣ ಮಾಡಿದ್ದು ಸುಪ್ರೀಂ ಕೋರ್ಟ್‌ವರೆಗೂ ಹೋಗಿತ್ತು. ಅವರೂ ಉಳಿದವರಂತೆ ಒಬ್ಬ ಸಚಿವರೇ, ಹೆಸರು ಬರಿಯ ವರ್ಣನೆ ಎಂದು ಕೋರ್ಟ್ ತೀರ್ಮಾನಿಸಿತು.

ಈಗ ಮೈಸೂರು ಜಿಲ್ಲೆಗೆ ಬರೋಣ. ಹನ್ನೊಂದು ಕ್ಷೇತ್ರಗಳಲ್ಲಿ ಜೆಡಿಎಸ್ 5, ಕಾಂಗ್ರೆಸ್ 3, ಬಿಜೆಪಿ 3 ಗೆದ್ದಿದ್ದವು. ಚಾಮುಂಡೇಶ್ವರಿಯಲ್ಲಿ ಜಿ.ಟಿ. ದೇವೇಗೌಡರು ಆಗಿನ ಮುಖ್ಯಮಂತ್ರಿ ಸಿದ್ದರಾಮಯ್ಯ ಅವರನ್ನೇ 36,042 ಮತಗಳಿಂದ ಸೋಲಿಸಿದ್ದರು. ಅದೇ ಕ್ಷೇತ್ರದಲ್ಲಿ 2006ರ ಉಪಚುನಾವಣೆಯಲ್ಲಿ ಸಿದ್ದರಾಮಯ್ಯ ಜೆಡಿಎಸ್‌ನ ಪಟ್ಟನ್ನು ಎದುರಿಸಿ ಕೇವಲ 257 ಮತಗಳಿಂದ ಗೆದ್ದದ್ದನ್ನು ನಮ್ಮ ಊರಿನ ಹಿರಿಯರು ಮರೆತಿಲ್ಲ. ಇಂಥ ಹಗೆತನದ ನೆಲದಲ್ಲಿ ಮೈತ್ರಿಯ ಸಂಪುಟ ಹೇಗೆ ಬಂತೆಂದರೆ, ಸಿದ್ದರಾಮಯ್ಯ ಸಮನ್ವಯ ಸಮಿತಿಯ ಅಧ್ಯಕ್ಷರಾದರು, ಅವರನ್ನು ಸೋಲಿಸಿದವರು ಅವರ ಸ್ವಂತ ಜಿಲ್ಲೆಯ ಉಸ್ತುವಾರಿ ಸಚಿವರಾದರು. ಜಿಲ್ಲೆಗೆ ದಕ್ಕಿದ ಎರಡು ಸಚಿವ ಸ್ಥಾನಗಳೂ ಜೆಡಿಎಸ್ ಪಾಲು: ಜಿ.ಟಿ. ದೇವೇಗೌಡ ಮತ್ತು ಕೆ.ಆರ್. ನಗರದ ಸಾ.ರಾ. ಮಹೇಶ್. ಕಾಂಗ್ರೆಸ್ ಗೆದ್ದ ವರುಣ, ಎಚ್.ಡಿ. ಕೋಟೆ, ನರಸಿಂಹರಾಜ ಮೂರಕ್ಕೂ ಏನೂ ಇಲ್ಲ.

ಬನ್ನಿಮಂಟಪ ಇರುವುದು ನರಸಿಂಹರಾಜ ಕ್ಷೇತ್ರದಲ್ಲಿ. ನಮ್ಮ ಶಾಸಕ ತನ್ವೀರ್ ಸೇಠ್ ಹಿಂದಿನ ಸರ್ಕಾರದಲ್ಲಿ ಪ್ರಾಥಮಿಕ ಮತ್ತು ಪ್ರೌಢಶಿಕ್ಷಣ ಸಚಿವರಾಗಿದ್ದವರು. ಅವರ ತಂದೆ ಅಜೀಜ್ ಸೇಠ್ ಕೂಡ ದೇವರಾಜ ಅರಸರ ಕಾಲದಲ್ಲಿ ಮಂತ್ರಿಯಾಗಿದ್ದವರು. 2018ರಲ್ಲಿ ಮತ್ತೆ ಗೆದ್ದರೂ ತನ್ವೀರ್ ಅವರಿಗೆ ಸ್ಥಾನ ಸಿಗಲಿಲ್ಲ. ಕಾರಣ ಹುಡುಕಲು ಕಷ್ಟಪಡಬೇಕಿಲ್ಲ. ಕಾಂಗ್ರೆಸ್ ಮೊದಲ ಸುತ್ತಿನಲ್ಲಿ ತುಂಬಿದ್ದೇ 14. ಅದರಲ್ಲಿ ಮುಸ್ಲಿಂ ಸಮುದಾಯಕ್ಕೆ ಎರಡು ಎಂದಾಯಿತು. ಒಂದು ಖಾದರ್ ಅವರಿಗೆ ಹೋಯಿತು, ಇನ್ನೊಂದು ಜೆಡಿಎಸ್ ತೊರೆದು ಬಂದು ಗೆದ್ದಿದ್ದ ಜಮೀರ್ ಅವರಿಗೆ. ಒಂದೇ ಪಕ್ಷದ ಸರ್ಕಾರವಾಗಿದ್ದರೆ 34ರಲ್ಲಿ ಹುಡುಕಬಹುದಾಗಿದ್ದ ಜಾಗವನ್ನು ಇಲ್ಲಿ 14ರಲ್ಲಿ ಹುಡುಕಬೇಕಾಯಿತು. ಸಂಪುಟ ಎರಡು ಪಕ್ಷಗಳಿಗೆ ಸೀಳಿದ ಕೂಡಲೇ ಪ್ರತಿಯೊಂದು ಸಮುದಾಯದ, ಪ್ರತಿಯೊಂದು ಜಿಲ್ಲೆಯ ಅವಕಾಶವೂ ಕಿರಿದಾಗುತ್ತದೆ. ತನ್ವೀರ್ ಅವರಿಗೆ ಹಿಂದೆ ಇದ್ದ ಅದೇ ಶಿಕ್ಷಣ ಖಾತೆ ಕೊಳ್ಳೇಗಾಲದ ಬಿಎಸ್‌ಪಿ ಶಾಸಕ ಎನ್. ಮಹೇಶ್ ಅವರಿಗೆ ಹೋಯಿತು.

ಹೆಂಗಸರ ಲೆಕ್ಕ ಇನ್ನೂ ನೋವಿನದು. ಆ 27 ಮಂದಿಯಲ್ಲಿ ಮಹಿಳೆ ಒಬ್ಬರೇ, ಜಯಮಾಲಾ. ಅವರೂ ವಿಧಾನ ಪರಿಷತ್ ಸದಸ್ಯೆ. ಡಿಸೆಂಬರ್‌ನಲ್ಲಿ ಎಂಟು ಮಂದಿಯನ್ನು ಸೇರಿಸಿಕೊಂಡಾಗ ಒಬ್ಬ ಮಹಿಳೆಯನ್ನೂ ಸೇರಿಸಲಿಲ್ಲ. ಮೈತ್ರಿಯಲ್ಲಿ ಕುರ್ಚಿ ಸಿಗುವುದು ಬಂಡೇಳುವ ಶಕ್ತಿಯಿರುವವರಿಗೆ, ತಮ್ಮ ಜೊತೆ ನಾಲ್ಕು ಶಾಸಕರನ್ನು ಕರೆದೊಯ್ಯಬಲ್ಲವರಿಗೆ. ಅಂಥ ಬಲ ಕಟ್ಟಿಕೊಳ್ಳಲು ನಮ್ಮ ರಾಜಕೀಯ ಹೆಣ್ಣುಮಕ್ಕಳಿಗೆ ಎಂದೂ ಜಾಗ ಕೊಟ್ಟಿಲ್ಲ. ಹೀಗಾಗಿ ಮೈತ್ರಿ ಸಂಪುಟ ಅವರನ್ನು ಇನ್ನಷ್ಟು ಹೊರಗೆ ತಳ್ಳುತ್ತದೆ. ಇದನ್ನು ನಾನು ಸಿಟ್ಟಿನಿಂದಲೇ ಬರೆಯುತ್ತಿದ್ದೇನೆ.

ಉತ್ತರ ಕರ್ನಾಟಕದವರ ದೂರೂ ಇಂಥದ್ದೇ. ಜೆಡಿಎಸ್ ಗೆದ್ದದ್ದು ಬಹುತೇಕ ಹಳೇ ಮೈಸೂರು ಭಾಗದಲ್ಲಿ. ಅದರ ಪಾಲಿನ ಸಚಿವರು ಹೆಚ್ಚಾಗಿ ಅಲ್ಲಿಂದಲೇ ಬಂದರು. ನಾಲ್ಕೇ ಕ್ಷೇತ್ರಗಳ ಚಾಮರಾಜನಗರ ಜಿಲ್ಲೆಗೆ ಎನ್. ಮಹೇಶ್ ಮತ್ತು ಪುಟ್ಟರಂಗಶೆಟ್ಟಿ ಇಬ್ಬರು ಸಚಿವರು. ಮಂಡ್ಯಕ್ಕೆ ಪುಟ್ಟರಾಜು, ತಮ್ಮಣ್ಣ. ಪ್ರವಾಹ ಬಂದು ನಲುಗಿದ ಕೊಡಗಿಗೆ ತನ್ನದೇ ಸಚಿವರಿರಲಿಲ್ಲ, ಕೆ.ಆರ್. ನಗರದ ಸಾ.ರಾ. ಮಹೇಶ್ ಉಸ್ತುವಾರಿ ನೋಡಿಕೊಂಡರು. ಆ ಆಗಸ್ಟ್ ಹೊತ್ತಿಗೆ ಉತ್ತರದಲ್ಲಿ ಪ್ರತ್ಯೇಕ ರಾಜ್ಯದ ಕೂಗು ಎದ್ದು ಬಂದ್ ಕರೆಯೂ ಬಂದಿತ್ತು. ಈ ವಿಷಯಕ್ಕೆ ಬೆಲ್ಜಿಯಂ ದೇಶ ಕಂಡುಕೊಂಡ ಉಪಾಯ ಸಂವಿಧಾನದಲ್ಲೇ ಇದೆ. ಪ್ರಧಾನಿಯನ್ನು ಬಿಟ್ಟು ಡಚ್ ನುಡಿಯುವ ಸಚಿವರೆಷ್ಟೋ ಫ್ರೆಂಚ್ ನುಡಿಯುವ ಸಚಿವರೂ ಅಷ್ಟೇ ಇರಬೇಕು. ನಮ್ಮಲ್ಲಿ ಅಷ್ಟು ಬಿಗಿ ಬೇಕಿಲ್ಲ. ಆದರೆ ಎರಡೂ ಪಕ್ಷಗಳು ತಮ್ಮ ತಮ್ಮ ಪಟ್ಟಿಯನ್ನು ಬೇರೆ ಬೇರೆ ಕೋಣೆಗಳಲ್ಲಿ ಬರೆದರೆ ರಾಜ್ಯದ ಪೂರ್ತಿ ನಕ್ಷೆ ಯಾರ ಮೇಜಿನ ಮೇಲೂ ಇರುವುದಿಲ್ಲ.

ಖಾತೆ ಮತ್ತು ವ್ಯಕ್ತಿಯ ಹೊಂದಾಣಿಕೆಯೂ ಹೀಗೆಯೇ ತಪ್ಪುತ್ತದೆ. ಎಂಟನೇ ತರಗತಿವರೆಗೆ ಓದಿದ್ದ ಜಿ.ಟಿ. ದೇವೇಗೌಡರಿಗೆ ಉನ್ನತ ಶಿಕ್ಷಣ ಕೊಟ್ಟಾಗ ಪತ್ರಿಕೆಗಳಲ್ಲಿ ದೊಡ್ಡ ಚರ್ಚೆಯಾಯಿತು. ಅವರ ಓದನ್ನು ಹಂಗಿಸಿದವರ ಬಗ್ಗೆ ನನಗೆ ಗೌರವವಿಲ್ಲ. ಸಹಕಾರ ಕ್ಷೇತ್ರದಲ್ಲಿ, ಹಳ್ಳಿಗಳಲ್ಲಿ ಬೇರುಬಿಟ್ಟು ಬೆಳೆದ ನಾಯಕ ಅವರು. ಆ ಖಾತೆ ತಮಗೆ ಬೇಡವಿತ್ತೆಂದು ಅವರೇ ಅಸಮಾಧಾನ ತೋರಿದ್ದರು. ಕೃಷಿ, ಕಂದಾಯ, ಗ್ರಾಮೀಣಾಭಿವೃದ್ಧಿ ಕಾಂಗ್ರೆಸ್ ಪಾಲಿಗೆ ಹೋಗಿದ್ದವು. ಸಹಕಾರ ತಮ್ಮ ಪಕ್ಷದಲ್ಲೇ ಇದ್ದರೂ ಬೀದರ್‌ನ ಬಂಡೆಪ್ಪ ಕಾಶೆಂಪೂರ ಅವರಿಗೆ ಸಿಕ್ಕಿತು. 1916ರಲ್ಲಿ ಸ್ಥಾಪನೆಯಾದ ಮೈಸೂರು ವಿಶ್ವವಿದ್ಯಾನಿಲಯದ ಊರಿನಿಂದ ಉನ್ನತ ಶಿಕ್ಷಣ ಸಚಿವರು ಬಂದದ್ದು ಹೆಮ್ಮೆಯ ವಿಷಯ ಆಗಬೇಕಿತ್ತು. ಬಂದವರಿಗೇ ಬೇಡದ ಖಾತೆಯಾದ್ದರಿಂದ ಹೆಮ್ಮೆಗೆ ಎಡೆಯಿಲ್ಲದಾಯಿತು.

ಇನ್ನು ಆ ಏಳು ಖಾಲಿ ಕುರ್ಚಿಗಳು. ಅವನ್ನು ಬಿಟ್ಟದ್ದಕ್ಕೆ ಒಂದು ತರ್ಕವಿತ್ತು. ಆಕಾಂಕ್ಷಿಗಳು ಹತ್ತಾರು, ಸ್ಥಾನಗಳು ಕೆಲವು. ಎಲ್ಲವನ್ನೂ ತುಂಬಿದರೆ ಸಿಗದವರು ಸಿಟ್ಟಾಗುತ್ತಾರೆ, ಕೆಲವು ಉಳಿಸಿದರೆ ಎಲ್ಲರೂ ಆಸೆಯಿಂದ ಕಾಯುತ್ತಾರೆ. ಆದದ್ದು ಬೇರೆ. ಖಾಲಿ ಕುರ್ಚಿ ಕಣ್ಣೆದುರು ಇರುವಷ್ಟು ದಿನವೂ ಪ್ರತಿಯೊಬ್ಬ ಅತೃಪ್ತ ಶಾಸಕನೂ ಅದಕ್ಕಾಗಿ ಲಾಬಿ ಮಾಡಿದ, ಎದುರು ಪಕ್ಷದವರಿಗೆ ಯಾರ ಬಾಗಿಲು ತಟ್ಟಬೇಕೆಂಬುದು ಬರೆದಿಟ್ಟಂತಾಯಿತು. ಅಕ್ಟೋಬರ್ 10ರಂದು ಸುಧಾ ಮೂರ್ತಿ ಚಾಮುಂಡಿ ಬೆಟ್ಟದಲ್ಲಿ ದಸರೆ ಉದ್ಘಾಟಿಸಿದರು. ಮರುದಿನವೇ ಎನ್. ಮಹೇಶ್ ರಾಜೀನಾಮೆ ಕೊಟ್ಟರು. ವಾರದ ನಂತರ ಜಂಬೂಸವಾರಿ ನಮ್ಮ ಬಾಗಿಲಿಗೆ ಬರುವ ಹೊತ್ತಿಗೆ ಖಾಲಿ ಕುರ್ಚಿ ಎಂಟಾಗಿತ್ತು.

ಡಿಸೆಂಬರ್ 22ರಂದು ಕಾಂಗ್ರೆಸ್ ತನ್ನ ಪಾಲನ್ನು ತುಂಬಿತು. ರಮೇಶ ಜಾರಕಿಹೊಳಿ, ಕೆಪಿಜೆಪಿಯ ಆರ್. ಶಂಕರ್ ಹೊರಗೆ ಹೋದರು, ಎಂ.ಬಿ. ಪಾಟೀಲ, ಸತೀಶ ಜಾರಕಿಹೊಳಿ, ಎಂ.ಟಿ.ಬಿ. ನಾಗರಾಜ್ ಸೇರಿ ಎಂಟು ಮಂದಿ ಒಳಗೆ ಬಂದರು. ಗೃಹ ಖಾತೆ ಪರಮೇಶ್ವರ ಅವರಿಂದ ಪಾಟೀಲರಿಗೆ ಹೋಯಿತು. ಅಣ್ಣನನ್ನು ತೆಗೆದು ತಮ್ಮನನ್ನು ಸೇರಿಸಿದ ಮೇಲೆ ಬೆಳಗಾವಿ ರಾಜಕೀಯ ಏನಾಯಿತೆಂಬುದು ಎಲ್ಲರಿಗೂ ಗೊತ್ತು. ಬಂಡಾಯದ ಮುಂಚೂಣಿಯಲ್ಲಿ ನಿಂತವರು ರಮೇಶ ಜಾರಕಿಹೊಳಿ. 2019ರ ಲೋಕಸಭಾ ಚುನಾವಣೆಯಲ್ಲಿ 28ರಲ್ಲಿ ಎರಡೂ ಪಕ್ಷಗಳು ಒಂದೊಂದು ಸ್ಥಾನ ಗೆದ್ದವು. ಮೈಸೂರು–ಕೊಡಗಿನಲ್ಲಿ ಮೈತ್ರಿಯ ಅಭ್ಯರ್ಥಿ ಕಾಂಗ್ರೆಸ್‌ನ ಸಿ.ಎಚ್. ವಿಜಯಶಂಕರ್ 1.38 ಲಕ್ಷ ಮತಗಳಿಂದ ಸೋತರು. ಉದ್ಬೂರಿನಂಥ ಕಡೆ ತಮ್ಮ ಕಾರ್ಯಕರ್ತರು ಬಿಜೆಪಿಗೆ ಮತ ಹಾಕಿದ್ದಾರೆ ಎಂದು ಜಿಲ್ಲಾ ಉಸ್ತುವಾರಿ ಸಚಿವರೇ ಬಹಿರಂಗವಾಗಿ ಹೇಳಿದರು. ಮೇಲೆ ಖಾತೆ ಹಂಚಿಕೊಂಡಿದ್ದರು, ಕೆಳಗೆ ಊರುಗಳಲ್ಲಿ ಯಾವ ರಾಜಿಯೂ ಆಗಿರಲಿಲ್ಲ.

ಜೂನ್ 14ರಂದು ಸರ್ಕಾರ ಉಳಿಸಿಕೊಳ್ಳಲು ಮತ್ತೆ ಶಂಕರ್ ಅವರನ್ನೂ ಮುಳಬಾಗಿಲಿನ ಪಕ್ಷೇತರ ಶಾಸಕ ಎಚ್. ನಾಗೇಶ್ ಅವರನ್ನೂ ಸಚಿವರನ್ನಾಗಿ ಮಾಡಿದರು. ಒಂದು ತಿಂಗಳೊಳಗೆ ಇಬ್ಬರೂ ಬಿಟ್ಟು ನಡೆದರು. ಜುಲೈ 8ರಂದು, ಬಂಡೆದ್ದು ಹೊರಟಿದ್ದ ಅತೃಪ್ತ ಶಾಸಕರಿಗೆ ಜಾಗ ಮಾಡಿಕೊಡಲು ಸಚಿವರೆಲ್ಲ ರಾಜೀನಾಮೆ ಕೊಟ್ಟರು. ಇಡೀ ಸಂಪುಟವನ್ನೇ ಖಾಲಿ ಮಾಡಿದರೂ ಯಾರೂ ಹಿಂದಿರುಗಲಿಲ್ಲ. ಜುಲೈ 23ರಂದು 99–105ರಿಂದ ಸರ್ಕಾರ ಬಿತ್ತು.

ಇದಾದ ಮೇಲೆ ನಡೆದದ್ದನ್ನೂ ಮೈಸೂರಿನವರು ನೆನಪಿಟ್ಟುಕೊಳ್ಳಬೇಕು. 91ನೇ ತಿದ್ದುಪಡಿಯಲ್ಲೇ ಇನ್ನೊಂದು ಷರತ್ತಿದೆ: ಪಕ್ಷಾಂತರಕ್ಕಾಗಿ ಅನರ್ಹನಾದವನು ಮತ್ತೆ ಚುನಾವಣೆಯಲ್ಲಿ ಗೆದ್ದು ಬರುವವರೆಗೆ, ಇಲ್ಲವೇ ಸದನದ ಅವಧಿ ಮುಗಿಯುವವರೆಗೆ ಸಚಿವನಾಗುವಂತಿಲ್ಲ. ಸ್ಪೀಕರ್ ರಮೇಶ್ ಕುಮಾರ್ ಅನರ್ಹಗೊಳಿಸಿದ 17 ಮಂದಿಯಲ್ಲಿ ಹುಣಸೂರಿನ ಎ.ಎಚ್. ವಿಶ್ವನಾಥ್ ಒಬ್ಬರು. ಡಿಸೆಂಬರ್‌ನ ಉಪಚುನಾವಣೆಯಲ್ಲಿ ಅವರು ಸೋತರು. ಆಮೇಲೆ ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ನಾಮಕರಣ ಗೆಲುವಲ್ಲ, ಆದ್ದರಿಂದ ಸಚಿವರಾಗಲು ಬರುವುದಿಲ್ಲ ಎಂದು 2020ರ ನವೆಂಬರ್‌ನಲ್ಲಿ ಹೈಕೋರ್ಟ್ ಹೇಳಿತು, ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಆ ಉಪಚುನಾವಣೆಯಲ್ಲಿ ಗೆದ್ದವರಲ್ಲಿ ಹತ್ತು ಮಂದಿ 2020ರ ಫೆಬ್ರವರಿ 6ರಂದು ಯಡಿಯೂರಪ್ಪ ಸಂಪುಟದಲ್ಲಿ ಸಚಿವರಾದರು. ಅವರಲ್ಲಿ ಯಶವಂತಪುರದ ಎಸ್.ಟಿ. ಸೋಮಶೇಖರ್ ಮೈಸೂರಿನ ಉಸ್ತುವಾರಿ ಸಚಿವರಾಗಿ ಬಂದು ದಸರೆಗಳನ್ನು ನಡೆಸಿಕೊಟ್ಟರು. ಮೈತ್ರಿಯಲ್ಲಿ ಕುರ್ಚಿ ಸಿಗದವರು ಮೈತ್ರಿಯನ್ನು ಬಿಟ್ಟು ಅದನ್ನು ಪಡೆದರು.

ಹಾಗಾದರೆ ಹಂಚಿಕೊಂಡು ಆಳುವುದೇ ಆಗದ ಕೆಲಸವೇ? ನಾನು ಹಾಗೆ ನಂಬುವುದಿಲ್ಲ. ನಮ್ಮ ಊರಿನ ಪಾಲಿಕೆಯನ್ನೇ ನೋಡಿ. 2018ರ ಚುನಾವಣೆಯಲ್ಲಿ 65 ವಾರ್ಡ್‌ಗಳಲ್ಲಿ ಬಿಜೆಪಿ 22, ಕಾಂಗ್ರೆಸ್ 19, ಜೆಡಿಎಸ್ 18 ಗೆದ್ದವು. ನವೆಂಬರ್‌ನಲ್ಲಿ ಕಾಂಗ್ರೆಸ್‌ನ ಪುಷ್ಪಲತಾ ಜಗನ್ನಾಥ್ ಮೇಯರ್ ಆದರು, ಜೆಡಿಎಸ್‌ನ ಶಫಿ ಅಹಮದ್ ಉಪಮೇಯರ್. ರಾಜ್ಯದಲ್ಲಿ ಮೈತ್ರಿ ಮುರಿದು ಆರು ತಿಂಗಳಾದ ಮೇಲೆ, 2020ರ ಜನವರಿಯಲ್ಲಿ, ಇಲ್ಲಿ ಮಾತಿನಂತೆ ಸರದಿ ಬದಲಾಗಿ ಜೆಡಿಎಸ್‌ನ ತಸ್ನೀಂ ಮೇಯರ್ ಆದರು. ನಗರದ ಮೊದಲ ಮುಸ್ಲಿಂ ಮಹಿಳಾ ಮೇಯರ್ ಅವರು. ಇದು ನಡೆಯಲು ಕಾರಣವಿದೆ. ಮೇಯರ್ ಅವಧಿ ಒಂದೇ ವರ್ಷ ಎಂದು ಕಾನೂನೇ ಹೇಳಿತ್ತು, ಕುರ್ಚಿ ಬಿಟ್ಟುಕೊಡುವುದು ಯಾರ ಔದಾರ್ಯವನ್ನೂ ಅವಲಂಬಿಸಿರಲಿಲ್ಲ.

2006ರ ಇಪ್ಪತ್ತು-ಇಪ್ಪತ್ತು ತಿಂಗಳ ಒಪ್ಪಂದಕ್ಕೆ ಅಂಥ ಆಸರೆ ಇರಲಿಲ್ಲ. ಕುಮಾರಸ್ವಾಮಿ ಇಪ್ಪತ್ತು ತಿಂಗಳು, ಯಡಿಯೂರಪ್ಪ ಇಪ್ಪತ್ತು ತಿಂಗಳು ಎಂದಾಗಿತ್ತು. 2007ರ ಅಕ್ಟೋಬರ್‌ನಲ್ಲಿ ಅಧಿಕಾರ ಕೈಬದಲಾಗಲಿಲ್ಲ. ನವೆಂಬರ್ 12ರಂದು ಯಡಿಯೂರಪ್ಪ ಪ್ರಮಾಣ ಮಾಡಿ ಒಂದೇ ವಾರದಲ್ಲಿ ಇಳಿದರು. ಪಕ್ಕದ ಕೇರಳದಲ್ಲಿ ಇಂಥದ್ದೇ ಒಪ್ಪಂದ ನಡೆದಿದೆ. 2021ರಲ್ಲಿ ಎಡರಂಗದ ಸರ್ಕಾರ ಬಂದಾಗ ಒಬ್ಬೊಬ್ಬರೇ ಶಾಸಕರಿದ್ದ ನಾಲ್ಕು ಪಕ್ಷಗಳಿಗೆ ಎರಡು ಸಚಿವ ಸ್ಥಾನಗಳನ್ನು ಎರಡೂವರೆ ವರ್ಷದ ಸರದಿಯ ಮೇಲೆ ಕೊಟ್ಟರು. 2023ರ ಡಿಸೆಂಬರ್‌ನಲ್ಲಿ ಇಬ್ಬರು ಇಳಿದರು, ಕೆ.ಬಿ. ಗಣೇಶ್ ಕುಮಾರ್, ಕಡನ್ನಪ್ಪಳ್ಳಿ ರಾಮಚಂದ್ರನ್ ಏರಿದರು. ಅಲ್ಲಿ ರಂಗ ಕಟ್ಟುವುದು ಚುನಾವಣೆಗೆ ಮುಂಚೆ. ಮತ ಹಾಕುವವನಿಗೆ ತನ್ನ ಮತ ಯಾವ ಯಾವ ಪಕ್ಷಗಳ ಸರ್ಕಾರಕ್ಕೆ ಹೋಗುತ್ತದೆಂದು ಗೊತ್ತಿರುತ್ತದೆ. ನಮ್ಮಲ್ಲಿ 2004, 2006, 2018 ಮೂರೂ ಸಲ ಮೈತ್ರಿ ಹುಟ್ಟಿದ್ದು ಮತ ಎಣಿಸಿದ ಮೇಲೆ.

ಚುನಾವಣೆಯ ನಂತರವೇ ಕೂಡಬೇಕಾಗಿ ಬಂದರೂ ಮಾಡುವ ರೀತಿಯೊಂದಿದೆ. ಕುಮಾರಸ್ವಾಮಿ ಪ್ರಮಾಣ ಮಾಡಿದ ವರ್ಷವೇ ಜರ್ಮನಿಯಲ್ಲೂ ಮೈತ್ರಿ ಸರ್ಕಾರ ಬಂತು. ಚುನಾವಣೆ ಮುಗಿದು ಸುಮಾರು ಆರು ತಿಂಗಳು ಮಾತುಕತೆ ನಡೆಸಿದರು. ನೂರೆಪ್ಪತ್ತಕ್ಕೂ ಹೆಚ್ಚು ಪುಟಗಳ ಒಪ್ಪಂದ ಬರೆದು ಜನರ ಮುಂದಿಟ್ಟರು. ಸೋಷಿಯಲ್ ಡೆಮಾಕ್ರಟಿಕ್ ಪಕ್ಷ ಅದನ್ನು ತನ್ನ ಸದಸ್ಯರ ಮತಕ್ಕೆ ಹಾಕಿತು. ಶೇ 66ರಷ್ಟು ಮಂದಿ ಒಪ್ಪಿದ ಮೇಲೆಯೇ ಸಂಪುಟ ರಚನೆಯಾಯಿತು. ನಮ್ಮಲ್ಲಿ ಆರು ತಿಂಗಳು ಕಾಯಲಾಗದು ನಿಜ. ಆದರೆ 2018ರಲ್ಲಿ ಇಲ್ಲಿ ಖಾತೆ ಹಂಚಿ, ಪ್ರಮಾಣ ಮುಗಿಸಿ, ಆಮೇಲೆ ಕನಿಷ್ಠ ಸಾಮಾನ್ಯ ಕಾರ್ಯಕ್ರಮ ಬರೆಯಲು ವೀರಪ್ಪ ಮೊಯಿಲಿ ನೇತೃತ್ವದಲ್ಲಿ ಸಮಿತಿ ಮಾಡಿದರು. ಯಾವ ಕೆಲಸಕ್ಕಾಗಿ ಸರ್ಕಾರ ಎಂಬುದು ತೀರ್ಮಾನವಾಗುವ ಮೊದಲೇ ಯಾರಿಗೆ ಯಾವ ಕೋಣೆ ಎಂಬುದು ತೀರ್ಮಾನವಾಗಿತ್ತು. ಮೈಸೂರಿಗೆ ಇದಕ್ಕಿಂತ ಒಳ್ಳೆಯ ಮೇಲ್ಪಂಕ್ತಿಯೇ ಇತ್ತು. 1947ರ ದಸರೆಯ ಬೆನ್ನಿಗೇ ಕೆ.ಸಿ. ರೆಡ್ಡಿ ನೇತೃತ್ವದಲ್ಲಿ ಜವಾಬ್ದಾರಿ ಸರ್ಕಾರ ಬಂದಾಗ ಒಂಬತ್ತು ಮಂದಿ ಸಚಿವರಲ್ಲಿ ಮೂವರು ಕಾಂಗ್ರೆಸ್ಸಿನ ಹೊರಗಿನವರು. ಎಷ್ಟು ಮಂದಿ ಹೊರಗಿನವರಿರಬೇಕೆಂಬುದು ಮೊದಲೇ ಒಪ್ಪಂದವಾಗಿತ್ತು, ಸಂವಿಧಾನ ರಚನೆ ಎಂಬ ಕೆಲಸವೂ ಕಣ್ಣೆದುರಿಗಿತ್ತು.

ಯಾರಿಗೂ ಬಹುಮತ ಬರದ ಚುನಾವಣೆ ಕರ್ನಾಟಕದಲ್ಲಿ ಮತ್ತೆ ಬರುತ್ತದೆ. ಆಗ ನಿಮ್ಮ ಶಾಸಕರು ಯಾವ ಪಕ್ಷದವರೇ ಆಗಿರಲಿ, ಅವರು ರೆಸಾರ್ಟ್‌ನಿಂದ ಊರಿಗೆ ಬಂದ ದಿನ ನಾಲ್ಕು ಜನ ಸೇರಿ ಹೋಗಿ ಕೇಳಿ: ಒಪ್ಪಂದ ಬರವಣಿಗೆಯಲ್ಲಿದೆಯೇ, ಅದರ ಪ್ರತಿ ನಮಗೇಕೆ ಸಿಕ್ಕಿಲ್ಲ, ನಮ್ಮ ಜಿಲ್ಲೆಗೆ ಅದರಲ್ಲಿ ಏನಿದೆ, ಸಂಪುಟದಲ್ಲಿ ಹೆಂಗಸರು ಎಷ್ಟು ಮಂದಿ, ಎಷ್ಟು ಕುರ್ಚಿ ಖಾಲಿ ಬಿಟ್ಟಿದ್ದೀರಿ, ಯಾರಿಗಾಗಿ? ಉತ್ತರ ಬರುವವರೆಗೆ ಹಾರ ಹಾಕಬೇಡಿ.